ಸೆಕೆಂಡ್ ಹ್ಯಾಂಡ್ ಲಿವರ್ ರೈಫಲ್: ವಿಂಚೆಸ್ಟರ್ 94 ಒಳ್ಳೆಯದಾ, ಗ್ಲೆನ್‌ಫೀಲ್ಡ್ 30ಎ ಒಳ್ಳೆಯದಾ?

ಪ್ರಶ್ನೆ
ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ .30-30 ತೋಟಾದ ಲಿವರ್ ಆ್ಯಕ್ಷನ್ ರೈಫಲ್ (ಕೆಳಗಿನ ಲಿವರ್ ಎಳೆದು ಮುಂದಿನ ತೋಟಾ ತುಂಬುವಂಥದ್ದು) ಬೇಕು. ದಟ್ಟ ಕಾಡು, 100 ಗಜಕ್ಕಿಂತ ದೂರದ ಗುರಿ ಸಿಗುವುದೇ ಅಪರೂಪ. ಸ್ಕೋಪ್ ಸೇರಿ 700 ಡಾಲರ್ ಒಳಗೆ ಮುಗಿಯಬೇಕು. 1970ರ ದಶಕದ ವಿಂಚೆಸ್ಟರ್ 94 ಒಂದು, ಗ್ಲೆನ್‌ಫೀಲ್ಡ್ 30ಎ ಒಂದು ಮಾರಾಟಕ್ಕಿವೆ. ಯಾವುದು ವಾಸಿ? ಕೈಗೆ ತಗೊಂಡಾಗ ಏನು ನೋಡಬೇಕು?

ಉತ್ತರ 1
ಸ್ಕೋಪ್ ಬೇಕೇ ಬೇಕು ಅಂದರೆ ಗ್ಲೆನ್‌ಫೀಲ್ಡ್. ಆ ಕಾಲದ 94 ಖಾಲಿ ಕೇಸನ್ನು ನೇರ ಮೇಲಕ್ಕೆ ಚಿಮ್ಮಿಸುತ್ತದೆ. ಸ್ಕೋಪ್ ಅಡ್ಡ ಬರುತ್ತದೆ. ಪಕ್ಕಕ್ಕೆ ಕೂರಿಸಿದರೆ ಕೆನ್ನೆ ಸ್ಟಾಕ್ (ಹಿಂದಿನ ಮರದ ಹಿಡಿ) ಮೇಲೆ ನಿಲ್ಲುವುದಿಲ್ಲ. ಗ್ಲೆನ್‌ಫೀಲ್ಡ್ ಅಂದರೆ ಮಾರ್ಲಿನ್ ಕಂಪನಿಯದ್ದೇ ಅಗ್ಗದ ಹೆಸರು, 30ಎ ಒಳಗಿರುವುದು ಮಾರ್ಲಿನ್ 336 ರೈಫಲ್‌ನ ಯಂತ್ರವೇ. ಕೇಸು ಬಲಕ್ಕೆ ಬೀಳುತ್ತದೆ, ಮೇಲ್ಭಾಗ ಮುಚ್ಚಿದೆ. ವಾಲ್ನಟ್ ಬದಲು ಅಗ್ಗದ ಮರ, ಅದೇ ಮುಖ್ಯ ವ್ಯತ್ಯಾಸ. ಸ್ಕೋಪ್ ಕೂರಿಸಿದ ಮೇಲೆ ಹ್ಯಾಮರ್‌ಗೆ (ಹಿಂದಕ್ಕೆ ಎಳೆದಿಡುವ ಕುದುರೆ) ಹೆಬ್ಬೆರಳು ಎಟುಕುವುದು ಕಷ್ಟ, ಪಕ್ಕಕ್ಕೆ ಚಾಚುವ ಹ್ಯಾಮರ್ ಎಕ್ಸ್‌ಟೆನ್ಶನ್ ಹಾಕಿಸಿ.

ಮೊದಲು ಲಿವರ್ ಕೆಳಕ್ಕೆ ಎಳೆದು ಚೇಂಬರ್ (ಗುಂಡು ಹಾರುವ ಮುನ್ನ ತೋಟಾ ಕೂರುವ ಜಾಗ), ಮ್ಯಾಗಝಿನ್ (ಬ್ಯಾರೆಲ್ ಕೆಳಗಿನ ತೋಟಾ ಟ್ಯೂಬು) ಎರಡೂ ಖಾಲಿ ಅಂತ ಕಣ್ಣಾರೆ ನೋಡಿ. ಆಮೇಲೆ ಹ್ಯಾಮರ್ ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿಂದ ಮುಂದಕ್ಕೆ ಒತ್ತಿ. ಬಿತ್ತು ಅಂದರೆ ಆ ರೈಫಲ್ ಅಲ್ಲೇ ಬಿಟ್ಟು ಬನ್ನಿ. ಸ್ಟಾಕಿನಲ್ಲಿ ಬಿರುಕು ಇದ್ದರೆ ಸಾಮಾನ್ಯವಾಗಿ ಟ್ಯಾಂಗ್ (ಮರದೊಳಗೆ ಚಾಚಿದ ಲೋಹದ ಬಾಲ) ಹಿಂದೆ, ಕೈ ಹಿಡಿಯುವ ಸಣ್ಣ ಭಾಗದಲ್ಲಿ ಇರುತ್ತದೆ. ಮ್ಯಾಗಝಿನ್ ಟ್ಯೂಬಿನ ಸಣ್ಣ ತಗ್ಗನ್ನೂ ಕಡೆಗಣಿಸಬೇಡಿ, ಅಲ್ಲೇ ತೋಟಾ ಸಿಕ್ಕಿಕೊಳ್ಳುವುದು.

ಬ್ಯಾರೆಲ್ ವಿಷಯದಲ್ಲೂ ಮಾರ್ಲಿನ್ನೇ ಅನುಕೂಲ. ಲಿವರ್ ಸ್ಕ್ರೂ ಬಿಚ್ಚಿ, ಲಿವರ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದರೆ ಹಿಂದಿನಿಂದಲೇ ಬೆಳಕು ಹಾಯಿಸಿ ನೋಡಬಹುದು (ಖಾಲಿ ಕೇಸು ಹೊರಗೆಸೆಯುವ ಎಜೆಕ್ಟರ್ ಕಳಚಿ ಬೀಳುತ್ತದೆ, ಜೋಪಾನ). 94ರಲ್ಲಿ ಇಷ್ಟು ಸುಲಭವಿಲ್ಲ. ಹಾಗಾಗಿ ವರ್ಷಗಟ್ಟಲೆ ಮುಂದಿನ ಬಾಯಿಂದಲೇ ರಾಡ್ ತೂರಿಸಿ ತೊಳೆದಿರುತ್ತಾರೆ. ರಾಡ್ ಉಜ್ಜಿ ಉಜ್ಜಿ ಬಾಯಂಚಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಒಳಗೀರುಗಳು) ಸವೆದರೆ ಗುಂಡು ಚದುರುತ್ತದೆ.

ಉತ್ತರ 2
94 ಕಡೆಗೂ ಒಂದು ಮಾತು. 1964ರ ನಂತರದ್ದು ಅಂತ ಹೀಗಳೆಯುವುದು ವಾಡಿಕೆ. ಆ ಸಮಯದ ರಿಸೀವರ್ (ಯಂತ್ರ ಕೂರುವ ಲೋಹದ ಪೆಟ್ಟಿಗೆ) ಲೋಹಕ್ಕೆ ತುಕ್ಕು ತಡೆಯುವ ನೀಲಿ ಬಣ್ಣ ಸರಿಯಾಗಿ ಹತ್ತುವುದಿಲ್ಲ, ಚಕ್ಕೆ ಏಳುತ್ತದೆ. ನೋಡಲು ಚೆನ್ನಾಗಿಲ್ಲ, ಗುರಿಗೆ ಏನೂ ಆಗುವುದಿಲ್ಲ. 100 ಗಜಕ್ಕೆ ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಸಾಕು, ಸ್ಕೋಪಿನ ದುಡ್ಡು ಉಳಿಯುತ್ತದೆ. ಯಾರೋ ರಿಸೀವರ್‌ಗೆ ಹೆಚ್ಚಿನ ತೂತು ಕೊರೆದಿದ್ದರೆ ಸಂಗ್ರಹಕಾರರು ಮೂಸುವುದಿಲ್ಲ. ಬೆಲೆ ಇಳಿಸಲು ಅದನ್ನೇ ತೋರಿಸಿ.

.32 ವಿಂಚೆಸ್ಟರ್ ಸ್ಪೆಷಲ್ ಅಥವಾ .35 ರೆಮಿಂಗ್ಟನ್ ತೋಟಾದ ರೈಫಲ್ ಅಗ್ಗಕ್ಕೆ ಸಿಕ್ಕರೆ ಆತುರ ಬೇಡ. ತೋಟಾ ಹುಡುಕುವುದರಲ್ಲೇ ಉಳಿತಾಯ ಕರಗಿಹೋಗುತ್ತದೆ.

ಪ್ರಶ್ನಿಸಿದವರು
ಗ್ಲೆನ್‌ಫೀಲ್ಡ್ ನೋಡಿ ಬಂದೆ. ಬ್ಯಾರೆಲ್ ಚೆನ್ನಾಗಿದೆ. ಆದರೆ ತೋಟಾ ಎತ್ತುವ ಲಿಫ್ಟರ್‌ನಲ್ಲಿ ಲಿವರ್ ಉಜ್ಜಿದ ಗೀರು ಇದೆ. ಬಿಡಬೇಕೇ?

ಉತ್ತರ 1
ಬರೀ ಹೊಳಪಿನ ಗೀರಾದರೆ ಚಿಂತೆಯಿಲ್ಲ. ಉಗುರು ಸಿಕ್ಕುವಷ್ಟು ಕಚ್ಚು ಬಿದ್ದಿದ್ದರೆ ಅದೇ ಮಾರ್ಲಿನ್ ಜಾಮ್‌ನ ಮೂಲ. ಲಿವರಿನ ಚೂಪು ಅಂಚು ಲಿಫ್ಟರನ್ನು ಕೊರೆಯುತ್ತದೆ, ಲಿಫ್ಟರ್ ಏಳುವ ಹೊತ್ತು ತಪ್ಪುತ್ತದೆ, ಮುಂದಿನ ತೋಟಾ ನುಸುಳಿ ಲಿವರ್ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. 5 ಡಮ್ಮಿ (ಮದ್ದಿಲ್ಲದ) ತೋಟಾ ತುಂಬಿ ಒಮ್ಮೆ ನಿಧಾನವಾಗಿ, ಒಮ್ಮೆ ಬಿರುಸಾಗಿ ಎಲ್ಲವನ್ನೂ ಹಾಯಿಸಿ. ಒಂದೇ ಒಂದು ತಡೆದರೂ ಲಿಫ್ಟರ್ ಬದಲಿಸಿ ಲಿವರ್ ಅಂಚು ನಯಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಅಂಚು ನಯಮಾಡದೆ ಬರೀ ಹೊಸ ಲಿಫ್ಟರ್ ಹಾಕಿದರೆ ಅದನ್ನೂ ಕೊರೆಯುತ್ತದೆ.

ಉತ್ತರ 3
ತೋಟಾ ಕೊಳ್ಳುವಾಗ 150 ಅಥವಾ 170 ಗ್ರೇನ್ (ಗುಂಡಿನ ತೂಕದ ಅಳತೆ), ಚಪ್ಪಟೆ ಮೂತಿಯದ್ದೇ ತಗೊಳ್ಳಿ. ಟ್ಯೂಬಿನಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರ್‌ಗೆ (ಬುಡದಲ್ಲಿರುವ, ಹೊಡೆತಕ್ಕೆ ಕಿಡಿಯಾಗುವ ಭಾಗ) ತಾಗಿ ನಿಲ್ಲುತ್ತದೆ. ಗಟ್ಟಿ ಚೂಪು ಮೂತಿಯಾದರೆ ಹೊಡೆತದ ಒದೆತಕ್ಕೆ ಟ್ಯೂಬಿನೊಳಗೇ ಸಿಡಿಯಬಹುದು. ಚೂಪಾಗಿದ್ದೂ ಸುರಕ್ಷಿತವಾದದ್ದು ಬೇಕಾದರೆ ಹಾರ್ನಡಿಯ ಲೆವರ್‌ಎವಲ್ಯೂಷನ್ ಇದೆ, ಅದರ ತುದಿ ಮೆತ್ತಗಿನ ಪಾಲಿಮರ್.