ವಾರಕ್ಕ ಆರು ತಾಸು: ಫ್ರೇಮ್‌ವರ್ಕಿನ ಡಾಕ್ಯುಮೆಂಟೇಶನ್‌ಗೋ, ಪ್ರಚಾರಕ್ಕೋ?

ಕುಂದಾನಗರಿ_ಕೋಡ್ (ಬೆಳಗಾವಿ)
ನಾಲ್ಕು ಮಂದಿ ಕೂಡಿ ಪೈಥಾನ್‌ದಾಗ ಸಣ್ಣದೊಂದು ವೆಬ್ ಫ್ರೇಮ್‌ವರ್ಕ್ (ವೆಬ್‌ಸೈಟ್ ಕಟ್ಟಾಕ ಬೇಕಾದ ಸಿದ್ಧ ಕೋಡಿನ ಚೌಕಟ್ಟು) ಕಟ್ಟೇವಿ, ಯಾರ ಬೇಕಾದ್ರೂ ಬಳಸಬಹುದಾದ ಎಂಐಟಿ ಲೈಸೆನ್ಸ್. ರೌಟಿಂಗ್ (ಯಾವ ವಿಳಾಸಕ್ಕ ಯಾವ ಕೋಡ್ ಅನ್ನೋದು), ಟೆಂಪ್ಲೇಟ್ (ಪುಟದ ಅಚ್ಚು), ಫಾರ್ಮ್ ತಪಾಸಣೆ ಎಲ್ಲಾ ಅದಾವು, ಟೆಸ್ಟ್ ಪಾಸ್ ಆಗತಾವು. ಆದ್ರ ಕಾಲೇಜ್ ಹುಡುಗರು ಇನ್‌ಸ್ಟಾಲ್ ಮಾಡಿದ ಮರುದಿನಾನ ಜಾಂಗೋ ಅನ್ನೋ ಹೆಸರಾದ ಪೈಥಾನ್ ಫ್ರೇಮ್‌ವರ್ಕಿಗೆ ಹೋಗಿಬಿಡತಾರ. ಡಾಕ್ಸ್ (ಡಾಕ್ಯುಮೆಂಟೇಶನ್, ಬಳಸೋ ವಿವರಣೆ) ಅಂತ ಇರೋದು ಒಂದು ರೀಡ್‌ಮಿ (ಪರಿಚಯದ ಫೈಲ್), ಮತ್ತ ಕೋಡ್ ಕಾಮೆಂಟಿನಿಂದ ತಾನಾಗೇ ತಯಾರಾದ ಎಪಿಐ ಪಟ್ಟಿ (ಫ್ರೇಮ್‌ವರ್ಕಿನ ಫಂಕ್ಷನ್‌ಗಳ ಯಾದಿ). ವಾರಕ್ಕ ಆರು ತಾಸು ಸಿಗತೈತಿ. ಎದಕ್ಕ ಹಾಕೋದು?

ಘಟಪ್ರಭಾ (ಬಾಗಲಕೋಟೆ)
ಮೊದಲ ಎರಡು ತಿಂಗಳು ಪೂರ್ತಿ ಡಾಕ್ಸ್‌ಗೆ ಹಾಕಿ. ಎಪಿಐ ಪಟ್ಟಿ ಉಪಯೋಗಕ್ಕೆ ಬರುವುದು ಏನು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದವರಿಗೆ. ಹೊಸಬರಿಗೆ ಬೇಕಾದದ್ದು ಕೈಹಿಡಿದು ನಡೆಸುವ ಒಂದು ಪಾಠ. ಜಾಂಗೋ 2005ರಲ್ಲಿ ಅಮೆರಿಕದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಿಂದ ಹೊರಬಂತು. ಅದರ ಟ್ಯುಟೋರಿಯಲ್ ಒಂದೇ ಮತದಾನದ ಆ್ಯಪನ್ನು ಭಾಗಭಾಗವಾಗಿ ಬೆಳೆಸುತ್ತಾ ಹೋಗುತ್ತದೆ, ನಡುವೆ ಉದಾಹರಣೆ ಬದಲಾಗುವುದಿಲ್ಲ. ನೀವು ಒಣದ್ರಾಕ್ಷಿ ದರಪಟ್ಟಿ ತಗೊಳ್ಳಿ: ದಿನಾಂಕ, ಮಾರುಕಟ್ಟೆ, ಕಿಲೋ ದರ, ಮೂರೇ ಕಾಲಂ. ದರ ಸೊನ್ನೆಗಿಂತ ಕಡಿಮೆ ಬಂದರೆ ಫಾರ್ಮ್ ತಿರಸ್ಕರಿಸಬೇಕು. ತಪಾಸಣೆಯ ಪಾಠ ಅಲ್ಲೇ ಮುಗಿಯಿತು.

ಹುಡುಗರು ಬಿಡುವುದು ಹೆಚ್ಚಾಗಿ ಇನ್‌ಸ್ಟಾಲ್ ಹಂತದಲ್ಲೇ. ಉಬುಂಟು 24.04ರಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿಗೆ ಪ್ರತ್ಯೇಕವಾದ ಪೈಥಾನ್ ಜಾಗ) ಇಲ್ಲದೆ ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅಂತ ನಿಲ್ಲುತ್ತದೆ. ವಿಂಡೋಸ್ ಪವರ್‌ಶೆಲ್ ಆ ಎನ್ವಿರಾನ್‌ಮೆಂಟ್ ಚಾಲೂ ಮಾಡುವ ಆ್ಯಕ್ಟಿವೇಟ್ ಸ್ಕ್ರಿಪ್ಟನ್ನೇ ತಡೆಯುತ್ತದೆ, ಯಾಕೆಂದರೆ ಅಲ್ಲಿ ಎಕ್ಸಿಕ್ಯೂಷನ್ ಪಾಲಿಸಿ (ಸ್ಕ್ರಿಪ್ಟ್ ಓಡಿಸಲು ಬಿಡುವ ನಿಯಮ) ಮೂಲದಲ್ಲಿ ‘ರಿಸ್ಟ್ರಿಕ್ಟೆಡ್’. ಆ ಬಳಕೆದಾರರಿಗೆ ಮಾತ್ರ ಆ ನಿಯಮವನ್ನು ‘ರಿಮೋಟ್‌ಸೈನ್ಡ್’ ಮಾಡಿಸಿ, ಇಲ್ಲವೇ ಹಳೇ ಕಮಾಂಡ್ ಪ್ರಾಂಪ್ಟ್ ಬಳಸಲು ಹೇಳಿ. ಇದರಲ್ಲಿ ನಿಮ್ಮ ಫ್ರೇಮ್‌ವರ್ಕಿನ ತಪ್ಪೇನೂ ಇಲ್ಲ, ಆದರೂ ಹೆಸರು ಕೆಡುವುದು ನಿಮ್ಮದೇ. ಎರರ್ ಸಂದೇಶವನ್ನು ಅಕ್ಷರ ತಪ್ಪದೆ ಡಾಕ್ಸ್‌ನಲ್ಲಿ ಬರೆಯಿರಿ. ಜನ ಹುಡುಕುವುದು ಅದನ್ನೇ ಕಾಪಿ ಮಾಡಿ.

ಇನ್ನೊಂದು. ಪಾಠದ ಕೋಡನ್ನು ಪುಟದೊಳಗೆ ಟೈಪ್ ಮಾಡಬೇಡಿ. ಬೇರೆ ಫೈಲಿನಲ್ಲಿಟ್ಟು, ಡಾಕ್ಸ್ ಪುಟ ತಯಾರಿಸುವ ಸ್ಫಿಂಕ್ಸ್ ಉಪಕರಣದ ‘ಲಿಟರಲ್‌ಇನ್‌ಕ್ಲೂಡ್’ ಆದೇಶದಿಂದ ಪುಟದೊಳಗೆ ಎಳೆದು ತನ್ನಿ. ಅದೇ ಫೈಲುಗಳನ್ನು ಪ್ರತಿ ಕಮಿಟ್‌ಗೂ (ಕೋಡಿನ ಬದಲಾವಣೆ ದಾಖಲಿಸಿದಾಗಲೆಲ್ಲ) ಟೆಸ್ಟ್ ಓಡಿಸಿದರೆ, ಪಾಠ ಮುರಿದದ್ದು ಓದುಗನಿಗಿಂತ ಮೊದಲು ನಿಮಗೆ ತಿಳಿಯುತ್ತದೆ.

ಗುಮ್ಮಟ_ದನಿ (ವಿಜಯಪುರ)
ಪೂರ್ತಿ ಒಪ್ಪಂಗಿಲ್ರಿ. ಡಾಕ್ಸ್ ಓದೋರು ಬಾಗಿಲತನಕ ಬರಬೇಕಲ್ಲ. ರೂಬಿ ಭಾಷೆಯ ಫ್ರೇಮ್‌ವರ್ಕ್ ರೈಲ್ಸ್ ಹೆಸರಾದದ್ದು 2005ರಾಗ ಹದಿನೈದು ನಿಮಿಷದೊಳಗ ಬ್ಲಾಗ್ ಕಟ್ಟಿ ತೋರಿಸಿದ ವಿಡಿಯೊದಿಂದ. ಹೊಗಳಿಕಿ ಮಾತಿಗೆ ಅಲ್ಲ, ಕಣ್ಣಮುಂದ ಟೈಪ್ ಮಾಡಿ ಓಡಿಸಿದ್ದಕ್ಕ ಜನ ನಂಬಿದ್ರು. ನೀವು ಐದೇ ನಿಮಿಷದ್ದು ಮಾಡ್ರಿ, ಶೀರ್ಷಿಕೆಯೊಳಗ ಆವೃತ್ತಿ ಸಂಖ್ಯೆ ಹಾಕ್ರಿ, ಯಾಕಂದ್ರ ವಿಡಿಯೊ ತಿದ್ದಾಕ ಬರೂದಿಲ್ಲ.

ಹೆಸರಿನ ವಿಷಯ ಭಾಳ ದೊಡ್ಡದದ. ಆ್ಯಂಗ್ಯುಲರ್ ಅನ್ನೋ ವೆಬ್ ಫ್ರೇಮ್‌ವರ್ಕ್ 2016ರಾಗ ಬುಡದಿಂದ ಹೊಸದಾಗಿ ಬರೆದ್ರೂ ಹೆಸರು ಹೆಚ್ಚುಕಡಿಮಿ ಹಳೇದ ಉಳೀತು. ಹುಡುಕಿದ್ರ ಹಳೇ ಆ್ಯಂಗ್ಯುಲರ್‌ಜೆಎಸ್ ಉತ್ತರ ಬರೋದು, ಹೊಸದ್ರಾಗ ಅದು ಓಡೂದಿಲ್ಲ. ಅದಕ್ಕ ಬ್ಯಾರೆ ಎಲ್ಲೂ ಸಿಗದ ಹೆಸರು ಇಡ್ರಿ. ಪ್ರತಿ ಪುಟದ ಮ್ಯಾಲ ಆವೃತ್ತಿ ಕಾಣಬೇಕು, ಹಳೇ ಪುಟದಾಗ ಹೊಸದಕ್ಕ ಕೆನಾನಿಕಲ್ ಲಿಂಕ್ (ಇದಾ ಮುಖ್ಯ ಪುಟ ಅಂತ ಸರ್ಚ್ ಎಂಜಿನ್‌ಗೆ ಹೇಳೋ ಗುರುತು) ಇರಬೇಕು. ‘ಇದು ಎದಕ್ಕ ಬ್ಯಾಡ’ ಅಂತ ಒಂದು ಪುಟಾನೂ ಇರಲಿ. ಜಾಂಗೋದಂಗ ಅಡ್ಮಿನ್ ಪುಟ (ಸೈಟಿನ ಮಾಹಿತಿ ನೋಡಿ ತಿದ್ದೋ ಸಿದ್ಧ ಪುಟ) ನಿಮ್ಮದ್ರಾಗ ಇರದಿದ್ರ ಮೊದಲ ಹೇಳಿಬಿಡ್ರಿ.

ಕುಂದಾನಗರಿ_ಕೋಡ್
ಕೆನಾನಿಕಲ್ ಲಿಂಕ್ ಇವತ್ತ ಹಾಕತೀವಿ. ಕನ್ನಡದಾಗ ಡಾಕ್ಸ್ ಬರದ್ರ ಉಪಯೋಗ ಐತೇನ್ರಿ?

ಘಟಪ್ರಭಾ
ಖಂಡಿತ ಇದೆ. ವ್ಯೂ ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಚೀನಾದಲ್ಲಿ ಅಷ್ಟು ಹರಡಲು ಚೀನೀ ಭಾಷೆಯ ಡಾಕ್ಸ್ ದೊಡ್ಡ ಆಸರೆಯಾಯಿತು. ಆದರೆ ಪಾಠವನ್ನಷ್ಟೇ ಕನ್ನಡಕ್ಕೆ ತನ್ನಿ, ಎಪಿಐ ಪಟ್ಟಿ ಇಂಗ್ಲಿಷಿನಲ್ಲೇ ಇರಲಿ. ರೌಟ್, ಟೆಂಪ್ಲೇಟ್ ಪದಗಳನ್ನು ಹಾಗೇ ಬಿಡಿ. ಎರರ್ ಬರುವಾಗ ಕಾಣುವುದು ಅವೇ, ಹೊಸ ಪದ ಟಂಕಿಸಿದರೆ ಓದುಗ ಎರಡನ್ನೂ ಜೋಡಿಸಿಕೊಳ್ಳಲು ಒದ್ದಾಡುತ್ತಾನೆ.

ಪುಟ ನಕಲು ಮಾಡಿ ಅನುವಾದಿಸಬೇಡಿ, ಮೂಲ ಬದಲಾದರೆ ಗೊತ್ತೇ ಆಗುವುದಿಲ್ಲ. ವಾಕ್ಯವಾಕ್ಯವಾಗಿ ಅನುವಾದ ಜೋಡಿಸಿಡುವ ಸ್ಫಿಂಕ್ಸ್‌ನ ಗೆಟ್‌ಟೆಕ್ಸ್ಟ್ ದಾರಿ ಹಿಡಿಯಿರಿ: ಮೂಲ ವಾಕ್ಯ ತಿದ್ದಿದಾಗ ಅದರ ಅನುವಾದಕ್ಕೆ ‘ಫಝಿ’ (ಮತ್ತೆ ನೋಡಬೇಕು) ಗುರುತು ಬಿದ್ದು, ಮತ್ತೆ ಸರಿಪಡಿಸುವವರೆಗೆ ಆ ಜಾಗದಲ್ಲಿ ಇಂಗ್ಲಿಷ್ ವಾಕ್ಯ ಕಾಣುತ್ತದೆ. ಅಲ್ಲಲ್ಲಿ ಇಂಗ್ಲಿಷ್ ಇಣುಕಿದರೆ ನಡೆಯುತ್ತದೆ, ತಪ್ಪು ಕಮಾಂಡ್ ಇರುವ ಕನ್ನಡ ನಡೆಯುವುದಿಲ್ಲ.