ಆಣ್ವಿಕ ಜೀವವಿಜ್ಞಾನಿಗಳ ಚಾರ್ಟ್: ಪ್ರಶಸ್ತಿ ಪಟ್ಟಿ ಬಿಟ್ಟು ಇನ್ನೇನು ಬರೆಸಬಹುದು?

ಸಿರ್ಸಿ_ಬಯಾಲಜಿ:
ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಪಿಯು ಕಾಲೇಜಿನಲ್ಲಿ ಆಣ್ವಿಕ ಜೀವವಿಜ್ಞಾನಿಗಳ ಸಾಧನೆಯ ಪ್ರದರ್ಶನ ಇಟ್ಟಿದ್ದೇವೆ. ಎಂಟು ಚಾರ್ಟ್, ಮೂರು ಮೇಜು. ಮಕ್ಕಳು ತಂದ ಕರಡುಗಳೆಲ್ಲ ಒಂದೇ ತರ: ಫೋಟೊ, ಹುಟ್ಟಿದ ಊರು, ನೊಬೆಲ್ ಬಂದ ವರ್ಷ, ಕೊನೆಗೆ "ಅಪಾರ ಕೊಡುಗೆ ನೀಡಿದ್ದಾರೆ". ಹೆಸರು ಅದಲುಬದಲು ಮಾಡಿದರೂ ಗೊತ್ತಾಗುವುದಿಲ್ಲ. ಯಾರನ್ನು ಆರಿಸಬೇಕು, ಏನು ಬರೆಸಬೇಕು? ಅದೇ ದಿನ ಸಂಶೋಧಕರೊಬ್ಬರಿಗೆ ಸನ್ಮಾನವೂ ಇದೆ. ಸನ್ಮಾನ ಪತ್ರದ ಒಕ್ಕಣೆ ಹೇಗಿದ್ದರೆ ಚೆನ್ನ?

ಕೋಡಿಬಾಗ_ದಂಡೆ:
ಅಕ್ಕೋರೇ, ವ್ಯಕ್ತಿಯನ್ನು ಆರಿಸುವ ಬದಲು ಪ್ರಯೋಗವನ್ನು ಆರಿಸಿ. ಪ್ರತಿ ಚಾರ್ಟ್‌ನಲ್ಲೂ ನಾಲ್ಕು ಸಂಗತಿ ಸಾಕು: ಆಗ ಗೊತ್ತಿಲ್ಲದೇ ಇದ್ದದ್ದು ಏನು, ಕೈಯಾರೆ ಮಾಡಿದ್ದು ಏನು, ಕಂಡದ್ದು ಏನು, ಆ ಕೆಲಸದಲ್ಲಿ ಯಾರ್ಯಾರು ಇದ್ದರು. ಪ್ರಶಸ್ತಿ ಕೊನೆಯ ಸಾಲಿನಲ್ಲಿ ಬರಲಿ.

ಹರ್‌ಗೋಬಿಂದ್ ಖೊರಾನಾ ಅವರನ್ನೇ ತೆಗೆದುಕೊಳ್ಳಿ. "ಜೆನೆಟಿಕ್ ಕೋಡ್ ಕಂಡುಹಿಡಿದರು" ಎಂದು ಬರೆದರೆ ತಪ್ಪಾಗುತ್ತದೆ, ಅದು ಹಲವರ ಕೆಲಸ. ಆರ್‌ಎನ್‌ಎ ಎಳೆಯ ಯಾವ ಮೂರಕ್ಷರದ ಪದಕ್ಕೆ ಪ್ರೋಟೀನಿನ ಯಾವ ಅಮೈನೊ ಆಮ್ಲ ಎಂದು ಹೇಳುವ ಸಂಕೇತವೇ ಈ ಕೋಡ್. 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಥಾಯ್ ಬರೀ ಯು ಅಕ್ಷರದ ಆರ್‌ಎನ್‌ಎ ಹಾಕಿ, ಬರೀ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ಇರುವ ಸರಪಳಿ ಪಡೆದರು. ಅಕ್ಷರಗಳ ಕ್ರಮ ಮೊದಲೇ ಗೊತ್ತಿರುವ ಆರ್‌ಎನ್‌ಎಯನ್ನು ತಯಾರಿಸಿ ಓದಿಸಿದ್ದು ಖೊರಾನಾ ಗುಂಪಿನ ಹೆಚ್ಚುಗಾರಿಕೆ. ಯುಸಿಯುಸಿಯುಸಿ ಎಂದು ಸಾಗುವ ಎಳೆಯಿಂದ ಸೆರಿನ್, ಲ್ಯೂಸಿನ್ ಒಂದಾದ ಮೇಲೊಂದು ಬಂದವು. 1968ರ ನೊಬೆಲ್ ಖೊರಾನಾ, ನೈರೆನ್‌ಬರ್ಗ್, ಹಾಲಿ ಮೂವರಿಗೆ. ಮಥಾಯ್ ಅದರಲ್ಲಿ ಇಲ್ಲ. ಚಾರ್ಟ್‌ನಲ್ಲಿ ಅವರ ಹೆಸರು ಇರಲೇಬೇಕು.

ಮೊದಲ ಮೇಜಿಗೆ ಆರ್‌ಎನ್‌ಎ ಎಳೆಯ ಬದಲು ಹೂಮಾಲೆ ಇಡಿ, ಒಂದೊಂದು ಹೂ ಒಂದೊಂದು ಅಕ್ಷರ. ಒಂದು ಅಬ್ಬಲಿಗೆ, ಒಂದು ಮಲ್ಲಿಗೆ ಹೀಗೆ 24 ಹೂ ಕಟ್ಟಿಸಿ. ಎರಡೆರಡಾಗಿ ಓದಿದರೆ ಉದ್ದಕ್ಕೂ ಒಂದೇ ಪದ. ನಾಲ್ಕು ನಾಲ್ಕಾಗಿ ಓದಿದರೂ ಒಂದೇ. ಮೂರು ಮೂರಾಗಿ ಓದಿದರೆ ಮಾತ್ರ ಅಬ್ಬಲಿಗೆ-ಮಲ್ಲಿಗೆ-ಅಬ್ಬಲಿಗೆ, ಮಲ್ಲಿಗೆ-ಅಬ್ಬಲಿಗೆ-ಮಲ್ಲಿಗೆ ಎಂದು ಎರಡು ಪದ ಸರದಿಯಲ್ಲಿ ಬರುತ್ತವೆ. ಐದೈದಾಗಿ ಓದಿದರೂ ಎರಡು ಪದವೇ ಬರುವುದಲ್ಲ ಎಂದು ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ಎರಡನೆಯ ಮಾಲೆ ಬೇಕು: ಎರಡು ಅಬ್ಬಲಿಗೆ, ಒಂದು ಮಲ್ಲಿಗೆ. ಇದನ್ನು ಮೂರು ಮೂರಾಗಿ ಎಲ್ಲಿಂದ ಓದಲು ಶುರುಮಾಡಿದರೂ ಒಂದೇ ಪದ ಮರುಕಳಿಸುತ್ತದೆ, ಶುರುವಿನ ಜಾಗ ಬದಲಾದರೆ ಪದ ಬದಲಾಗುತ್ತದೆ. ಎಎಜಿಎಎಜಿ ಎಂದು ಸಾಗುವ ಎಳೆಯಿಂದ ಲೈಸಿನ್, ಆರ್ಜಿನಿನ್, ಗ್ಲುಟಾಮಿಕ್ ಆಮ್ಲದ ಮೂರು ಬೇರೆ ಬೇರೆ ಸರಪಳಿ ಬಂದದ್ದು ಹೀಗೇ. ಹೂ ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡುತ್ತದೆ. ಬಾಳೆನಾರನ್ನು ನೆನೆಸಿಯೇ ಕಟ್ಟಿ, ಅಥವಾ ಎರಡು ಬಣ್ಣದ ಮಣಿ ಪೋಣಿಸಿ.

ಅಘನಾಶಿನಿ:
ಒಂದು ಚಾರ್ಟ್ ಜಿ. ಎನ್. ರಾಮಚಂದ್ರನ್ ಅವರಿಗೆ ಇರಲಿ. ಪ್ರೋಟೀನ್ ಸರಪಳಿಯ ತಿರುವಿನ ಎರಡು ಕೋನಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎಂದು ತೋರಿಸುವ ನಕ್ಷೆ ಅವರದು. ಅವರ ಹೆಸರಿನಲ್ಲೇ ಪ್ರಸಿದ್ಧವಾದರೂ 1963ರ ಪ್ರಬಂಧದಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಹೆಸರೂ ಇವೆ. ಮೂರನ್ನೂ ಬರೆಸಿ. 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಆಣ್ವಿಕ ಜೀವವಿಜ್ಞಾನ ಘಟಕ ಶುರುಮಾಡಿ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಕಟ್ಟಿದ ಒಬೈದ್ ಸಿದ್ದಿಕಿ ಅವರನ್ನೂ ಬಿಡಬೇಡಿ. ಸಂಸ್ಥೆ ಕಟ್ಟುವುದೂ ಸಾಧನೆಯೇ.

ನಮ್ಮ ದೇಶದ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬರೆಯುವಾಗ ಇಸವಿ ನೋಡಿಕೊಳ್ಳಿ. 2023ರಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಘೋಷಣೆಯಾದ ಮೇಲೆ ಅದು "ವಿಜ್ಞಾನ ಯುವ–ಶಾಂತಿ ಸ್ವರೂಪ ಭಟ್ನಾಗರ್" ಆಗಿದೆ.

ಸಿರ್ಸಿ_ಬಯಾಲಜಿ:
ಹೂಮಾಲೆಯದು ಬಹಳ ಹಿಡಿಸಿತು. ಡಿಎನ್‌ಎಯ ಎಕ್ಸ್-ರೇ ಚಿತ್ರಗಳ ಮೇಲೆ ಕೆಲಸ ಮಾಡಿದ ರೊಸಲಿಂಡ್ ಫ್ರಾಂಕ್ಲಿನ್ ಚಾರ್ಟ್‌ನಲ್ಲಿ ಮಕ್ಕಳು "ಇವರ ನೊಬೆಲ್ ಕದ್ದರು" ಎಂದು ಬರೆದಿದ್ದಾರೆ. ಬಿಡಲೋ, ತಿದ್ದಲೋ?

ಕುಮಟಾ_ಫಿಸಿಕ್ಸ್:
ತಿದ್ದಿ. ಇದ್ದದ್ದು ಇದ್ದ ಹಾಗೆ ಬರೆದರೆ ಅನ್ಯಾಯ ಎಲ್ಲಿ ಆಯಿತು ಎಂದು ಇನ್ನೂ ಸ್ಪಷ್ಟವಾಗುತ್ತದೆ. ಡಿಎನ್‌ಎ ಸುರುಳಿಯ ಸುಳಿವು ಕೊಟ್ಟ ಎಕ್ಸ್-ರೇ ಚಿತ್ರ, ಅಂದರೆ 51ನೇ ಚಿತ್ರ, ತೆಗೆದದ್ದು 1952ರ ಮೇನಲ್ಲಿ. ತೆಗೆದವರು ರೇಮಂಡ್ ಗೋಸ್ಲಿಂಗ್, ಫ್ರಾಂಕ್ಲಿನ್ ಕೈಕೆಳಗಿನ ಪಿಎಚ್‌ಡಿ ವಿದ್ಯಾರ್ಥಿ. 1953ರ ಜನವರಿಯಲ್ಲಿ ಫ್ರಾಂಕ್ಲಿನ್ ಸಹೋದ್ಯೋಗಿ ವಿಲ್ಕಿನ್ಸ್ ಅದನ್ನು ಕ್ರಿಕ್ ಜೊತೆ ಡಿಎನ್‌ಎ ಮಾದರಿ ಕಟ್ಟುತ್ತಿದ್ದ ವಾಟ್ಸನ್‌ಗೆ ತೋರಿಸಿದ್ದು ಫ್ರಾಂಕ್ಲಿನ್‌ಗೆ ತಿಳಿದಿರಲಿಲ್ಲ. ಅವರು 1958ರಲ್ಲಿ 37ನೇ ವಯಸ್ಸಿಗೇ ತೀರಿಕೊಂಡರು, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದದ್ದು 1962ರಲ್ಲಿ.

ಎರಡನೆಯ ಮೇಜಿಗೆ ಬಾಲ್‌ಪೆನ್ನಿನ ಸ್ಪ್ರಿಂಗ್ ಮತ್ತು 1 ಮಿಲಿವ್ಯಾಟ್ ಮೀರದ ಕೆಂಪು ಲೇಸರ್. ಸ್ಪ್ರಿಂಗನ್ನು ನೆಟ್ಟಗೆ ಕ್ಲಾಂಪಿಗೆ ಕಚ್ಚಿಸಿ, ಬೆಳಕು ಅದರ ನಡುಮಧ್ಯಕ್ಕೆ ಬೀಳುವಂತೆ ಲೇಸರನ್ನೂ ಬಿಗಿದು ನಿಲ್ಲಿಸಿ. ಗೋಡೆ 4–5 ಮೀಟರ್ ದೂರ ಇರಲಿ, ಕೋಣೆ ಕತ್ತಲಿರಲಿ. ಗೋಡೆಯ ಮೇಲೆ ಚುಕ್ಕಿಗಳ ಎಕ್ಸ್ ಮೂಡುತ್ತದೆ. ಸ್ಪ್ರಿಂಗಿನ ಮುಂದಿನ ತಂತಿ ಒಂದು ಕಡೆ, ಹಿಂದಿನ ತಂತಿ ಇನ್ನೊಂದು ಕಡೆ ವಾಲಿರುತ್ತದಲ್ಲ, ಪ್ರತಿಯೊಂದೂ ತನಗೆ ಅಡ್ಡಲಾಗಿ ಬೆಳಕು ಚೆಲ್ಲುವುದರಿಂದ ಎರಡು ಗೆರೆ ಕೂಡುತ್ತವೆ. ಸುರುಳಿ ಎಂಬ ಸುಳಿವು ಫ್ರಾಂಕ್ಲಿನ್ ಚಿತ್ರದಲ್ಲೂ ಸಿಕ್ಕಿದ್ದು ಹೀಗೆಯೇ. ಸ್ಪ್ರಿಂಗನ್ನು ತುಸು ಎಳೆಯಿರಿ: ಎಕ್ಸ್ ಅಗಲವಾಗುತ್ತದೆ, ಚುಕ್ಕಿಗಳು ಹತ್ತಿರವಾಗುತ್ತವೆ.

ಬರೀ ಮಸುಕು ಗೆರೆ ಕಂಡರೆ ಬೆಳಕು ಒಂದೇ ಸುತ್ತಿಗೆ ಬೀಳುತ್ತಿದೆ ಎಂದರ್ಥ. ಕಡಿಮೆಯೆಂದರೆ ಎರಡು ಸುತ್ತು ತುಂಬಬೇಕು. ಲೇಸರಿನ ಚುಕ್ಕಿ ಮೊಟ್ಟೆಯಾಕಾರ ಇದ್ದರೆ ಅದರ ಉದ್ದವನ್ನು ಸ್ಪ್ರಿಂಗಿನ ಉದ್ದಕ್ಕೆ ತಿರುಗಿಸಿ. ನಡುವಿನ ಚುಕ್ಕಿ ಕಣ್ಣು ಕುಕ್ಕಿದರೆ ಗೋಡೆಯಲ್ಲಿ ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸಿ. ಹಸಿರು ಲೇಸರ್ ಬೇಡವೇ ಬೇಡ, ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಪಾಲು ಪ್ರಬಲವಾದವು ಪೇಟೆಯಲ್ಲಿವೆ. ಕಿರಣದ ಮಟ್ಟಕ್ಕೆ ಮಕ್ಕಳ ಕಣ್ಣು ಬಾರದಂತೆ ಹಗ್ಗ ಕಟ್ಟಿ.

ಸ್ಪ್ರಿಂಗ್ ಒಂಟಿ ಸುರುಳಿ ಎಂಬುದನ್ನು ಚಾರ್ಟ್‌ನಲ್ಲಿ ಹೇಳಿ. 51ನೇ ಚಿತ್ರದಲ್ಲಿ ನಡುವಿನಿಂದ ಎಣಿಸಿದರೆ ನಾಲ್ಕನೆಯ ಸಾಲಿನ ಚುಕ್ಕಿಗಳೇ ಇಲ್ಲ. ಡಿಎನ್‌ಎಯಲ್ಲಿ ಎರಡು ಎಳೆ ಇವೆ, ಅವುಗಳ ನಡುವಿನ ಅಂತರ ಸಮವಲ್ಲ ಎಂಬುದಕ್ಕೆ ಅದೇ ಗುರುತು. ಈ ಮೇಜಿನಲ್ಲಿ ಅದು ಕಾಣಿಸುವುದಿಲ್ಲ.

ಕೋಡಿಬಾಗ_ದಂಡೆ:
ಮೂರನೆಯ ಮೇಜಿಗೆ ಹಸಿರು ಹೊಳೆಯುವ ಪ್ರೋಟೀನ್, ಅಂದರೆ ಜಿಎಫ್‌ಪಿ. ಶಿಮೊಮುರಾ ಅದನ್ನು ಜೆಲ್ಲಿ ಮೀನಿನಲ್ಲಿ ಕಂಡು 1962ರಲ್ಲಿ ಪ್ರಕಟಿಸಿದರು. ಅದರ ಜೀನನ್ನು ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದ್ದು ಡಗ್ಲಸ್ ಪ್ರಾಶರ್. ಅದನ್ನು ಅವರು ಚಾಲ್ಫಿ ಮತ್ತು ಚೆನ್ ಇಬ್ಬರಿಗೂ ಕಳಿಸಿಕೊಟ್ಟರು. 2008ರ ರಸಾಯನಶಾಸ್ತ್ರ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಅವರಿಗೆ ಬಂತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತಿಲ್ಲ.

ತೋರಿಸಲು ಕಾಲು ಚಮಚ ಅರಿಶಿನವನ್ನು 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ಗೆ ಹಾಕಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾಟಲಿಗೆ ಬಗ್ಗಿಸಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಟ್ಟರೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ನೀರಿನಲ್ಲಿ ಅರಿಶಿನ ಕರಗದೆ ಬಗ್ಗಡವಾಗುತ್ತದಷ್ಟೆ. ಬಾಟಲಿಯಲ್ಲಿ ಸೋಪು ಉಳಿದಿದ್ದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವಂಥದ್ದು, ಮುಚ್ಚಳ ಬಿಗಿದಿರಲಿ, ದೀಪ ದೂರವಿರಲಿ. ಇದು ಪ್ರೋಟೀನ್ ಅಲ್ಲ, ಹೊಳೆಯುವ ಬಗೆಯನ್ನು ತೋರಿಸಲಿಕ್ಕೆ ಮಾತ್ರ ಎಂದು ಚೀಟಿ ಹಚ್ಚಿ. ರಾತ್ರಿ ನಮ್ಮ ಕಡಲಲ್ಲಿ ನೀಲಿ ಮಿನುಗುವುದೂ ಜಿಎಫ್‌ಪಿ ಎಂದು ಮಕ್ಕಳು ಬರೆಯದಂತೆ ನೋಡಿಕೊಳ್ಳಿ. ಅದು ನಾಕ್ಟಿಲೂಕದಂಥ ಸೂಕ್ಷ್ಮಜೀವಿಗಳು ತಾವೇ ಹುಟ್ಟಿಸುವ ಬೆಳಕು. ಜಿಎಫ್‌ಪಿಗೆ ಬೇರೆ ಕಡೆಯಿಂದ ಬೆಳಕು ಬೇಕು.

ಸನ್ಮಾನ ಪತ್ರಕ್ಕೂ ಇದೇ ದಾರಿ. "ಅಪಾರ", "ಅನುಪಮ" ತೆಗೆದುಹಾಕಿ. ಅವರ ಒಂದು ಪ್ರಬಂಧ ಆರಿಸಿ, ಯಾವ ಜೀವಿ, ಯಾವ ಪ್ರಶ್ನೆ, ಏನು ಸಿಕ್ಕಿತು ಎಂದು ಮೂರು ವಾಕ್ಯ ಬರೆಯಿರಿ, ಜೊತೆಯಲ್ಲಿ ದುಡಿದವರ ಹೆಸರು ಸೇರಿಸಿ. ಮುದ್ರಣಕ್ಕೆ ಕೊಡುವ ವಾರ ಮೊದಲೇ ಅವರಿಗೆ ಕಳಿಸಿ ತಿದ್ದಿಸಿಕೊಳ್ಳಿ. ಶಾಲು, ಫಲತಾಂಬೂಲ ಹತ್ತು ನಿಮಿಷದಲ್ಲಿ ಮುಗಿಸಿ, ಮೂರು ಮೇಜಿನ ಹತ್ತಿರ ಮಕ್ಕಳ ಜೊತೆ ಮಾತಾಡಲು ಅವರಿಗೆ 40 ನಿಮಿಷ ಬಿಡಿ.