ಏರ್ ಪಿಸ್ತೂಲ್: ಹೊಸದಾ, ಸೆಕೆಂಡ್ ಹ್ಯಾಂಡಾ?

ಪ್ರಶ್ನೆ: ಮಗಳು ಒಂದ್ ವರ್ಷದಿಂದ ಕ್ಲಬ್ ಪಿಸ್ತೂಲಲ್ಲೇ 10 ಮೀಟರ್ ಪ್ರಾಕ್ಟೀಸ್ ಮಾಡ್ತಿದಾಳೆ, ಈಗ ಸ್ವಂತದ್ದು ಬೇಕು. ಇಲ್ಲೇ ತಯಾರಾದ ಹೊಸ ಪಿಸಿಪಿ (ಸಿಲಿಂಡರಲ್ಲಿ ಮೊದ್ಲೇ ಒತ್ತಡದ ಗಾಳಿ ತುಂಬಿಡೋ ಪಿಸ್ತೂಲ್) ತಗೊಳ್ಲಾ, ಸ್ವಲ್ಪ ಜಾಸ್ತಿ ಕೊಟ್ಟು ಹಳೇ ಜರ್ಮನ್ ಪಿಸ್ತೂಲ್ ತಗೊಳ್ಲಾ?

ಉತ್ತರ 1: ಸರ್, ಹಳೇದಾದ್ರೆ ಮೊದ್ಲು ಸಿಲಿಂಡರ್ ಮೇಲಿನ ತಾರೀಕು ನೋಡಿ, 10 ವರ್ಷ ದಾಟಿದ್ರೆ ಮ್ಯಾಚಲ್ಲಿ ನಡೆಯಲ್ಲ, ಹೊಸ ಸಿಲಿಂಡರ್ ಖರ್ಚೂ ಸೇರಿಸ್ಕೊಳ್ಳಿ. ರಾತ್ರಿ ಗಾಳಿ ತುಂಬಿಟ್ಟು ಬೆಳಗ್ಗೆ ಗೇಜ್ ನೋಡಿ, ಮುಳ್ಳು ಇಳಿದಿದ್ರೆ ಎಲ್ಲೋ ಸೀಲ್ ಹೋಗಿದೆ ಅಂತಾನೇ.

ಉತ್ತರ 2: ನಾನು ಅಗ್ಗಕ್ಕೆ ಸಿಗ್ತು ಅಂತ ತಗೊಂಡೆ, ಮ್ಯಾಚಲ್ಲಿ 40ನೇ ಶಾಟ್ ಆದ್ಮೇಲೆ ಗಾಳಿ ಸೋರಿ ಪೆಲೆಟ್ (ಸೀಸದ ಚಿಕ್ಕ ಗುಂಡು) ಎಲ್ಲಾ ಗುರಿಗಿಂತ ಕೆಳಗೇ ಬೀಳೋಕೆ ಶುರು, ಟಾರ್ಗೆಟ್ ಮಧ್ಯದ 10 ಪಾಯಿಂಟ್ ವೃತ್ತ ಬರೀ 11.5 ಮಿಮೀ ಅಲ್ವಾ, ಅಳುನೇ ಬಂತು. ಹತ್ರದಲ್ಲಿ ರಿಪೇರಿ ಮಾಡೋರು, ಸ್ಪೇರ್ ಪಾರ್ಟ್ಸ್ ಇರೋದನ್ನೇ ತಗೊಳ್ಳಿ. ಟ್ರಿಗರ್ ಬಿಟ್ಟುಕೊಳ್ಳದೆ 500 ಗ್ರಾಂ ತೂಕ ಎತ್ತುತ್ತಾ ಅಂತಾನೂ ನೋಡಿ, ಮ್ಯಾಚಲ್ಲಿ ಅದನ್ನ ಚೆಕ್ ಮಾಡ್ತಾರೆ.